ಒದ್ದೆ ಗಾಯಕ್ಕೆ ಅಂಟುವ ಪಟ್ಟಿ

(ಸಾರ್ವಜನಿಕ ಉಪನ್ಯಾಸವೊಂದರ ಬರಹ ರೂಪ. ಮಾತಿನ ಸುತ್ತುಬಳಸನ್ನು ಸ್ವಲ್ಪ ತೆಗೆದಿದ್ದೇನೆ. ಸಭಿಕರು ಕೇಳಿದ ಪ್ರಶ್ನೆಗಳನ್ನು ಆಯಾ ಜಾಗದಲ್ಲೇ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಹಂದಿಯಿಂದ ಶುರು ಮಾಡುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

1962ರಲ್ಲಿ ಇಂಗ್ಲೆಂಡಿನ ಜಾರ್ಜ್ ವಿಂಟರ್ ಒಂದು ಪ್ರಯೋಗ ಪ್ರಕಟಿಸಿದರು. ಎಳೆಯ ಹಂದಿಗಳ ಚರ್ಮದ ಮೇಲೆ ಆಳವಿಲ್ಲದ ಗಾಯಗಳನ್ನು ಮಾಡಿ, ಕೆಲವನ್ನು ಗಾಳಿಗೆ ಬಿಟ್ಟರು. ಕೆಲವನ್ನು ತೆಳುವಾದ ಪಾಲಿಥೀನ್ ಹಾಳೆಯಿಂದ ಮುಚ್ಚಿದರು. ಹಂದಿಯೇ ಯಾಕೆ ಅಂದರೆ, ಅದರ ಚರ್ಮ ನಮ್ಮ ಚರ್ಮಕ್ಕೆ ಬಹಳ ಹತ್ತಿರ. ಗಾಳಿಗೆ ಬಿಟ್ಟ ಗಾಯ ಒಣಗಿ ಹಕ್ಕಳೆ ಕಟ್ಟಿತು. ಮುಚ್ಚಿದ ಗಾಯ ಒದ್ದೆಯಾಗಿಯೇ ಉಳಿಯಿತು. ಒದ್ದೆ ಗಾಯದಲ್ಲಿ ಹೊಸ ಚರ್ಮ ಸುಮಾರು ಎರಡು ಪಟ್ಟು ಬೇಗ ಬೆಳೆದಿತ್ತು. ಮರುವರ್ಷ ಮನುಷ್ಯರ ಮೇಲೆ ನಡೆದ ಪ್ರಯೋಗದಲ್ಲೂ ಇದೇ ತರಹದ ಫಲಿತಾಂಶ ಬಂತು.

ಕಾರಣ ಸರಳ. ಗಾಯದ ಅಂಚಿನಿಂದ ಚರ್ಮದ ಜೀವಕೋಶಗಳು ಒಳಮುಖವಾಗಿ ತೆವಳುತ್ತಾ ಬರುತ್ತವೆ. ತೆವಳಲು ಅವಕ್ಕೆ ಒದ್ದೆ ನೆಲ ಬೇಕು. ಮೇಲೆ ಹಕ್ಕಳೆ ಕೂತಿದ್ದರೆ, ಒದ್ದೆ ಸಿಗುವವರೆಗೂ ಅದರ ಅಡಿಗೆ ಇಳಿದು ದಾರಿ ಕೊರೆದುಕೊಂಡು ಹೋಗಬೇಕು. ಅದಕ್ಕೆ ಸಮಯ ಹಿಡಿಯುತ್ತದೆ.

ನಮ್ಮಲ್ಲಿ ಈಗಲೂ "ಪಟ್ಟಿ ಬಿಚ್ಚಿಡು, ಗಾಯಕ್ಕೆ ಗಾಳಿ ಆಡಲಿ" ಅನ್ನುವವರೇ ಜಾಸ್ತಿ, ಅಲ್ವಾ? ಅರವತ್ತು ವರ್ಷ ದಾಟಿದರೂ ವಿಂಟರ್ ಅವರ ಹಂದಿಗಳು ನಮ್ಮ ಮನೆಗಳ ತನಕ ಬಂದಿಲ್ಲ. ಆದರೆ ಒಂದು ಎಚ್ಚರಿಕೆ. ಒದ್ದೆ ಅಂದರೆ ಗಾಯವನ್ನು ನೀರಲ್ಲಿ ನೆನೆಹಾಕುವುದಲ್ಲ. ಸುತ್ತಲಿನ ಚರ್ಮ ಬೆಳ್ಳಗೆ ನೆನೆದು ಮೆತ್ತಗಾದರೆ ಅದೂ ಕೆಡುಕೇ. ಕೀವು ತುಂಬಿದ ಗಾಯವನ್ನು ತೊಳೆಯದೆ ಮುಚ್ಚಿಟ್ಟರೆ ಅಪಾಯ.

ಈ ತತ್ವವನ್ನು ಬಡವರ ಕೈಗೆ ಎಟಕುವಂತೆ ಬಳಸಿದವರು ನಮ್ಮ ದೇಶದಲ್ಲೇ ಇದ್ದಾರೆ. 1980ರ ದಶಕದಲ್ಲಿ ಮುಂಬೈಯ ವೈದ್ಯರು ಸುಟ್ಟಗಾಯಗಳಿಗೆ ಬೇಯಿಸಿದ ಆಲೂಗಡ್ಡೆ ಸಿಪ್ಪೆಯ ಡ್ರೆಸ್ಸಿಂಗ್ ಹಾಕಿ ನೋಡಿದರು. ಆಮೇಲೆ ಬಾಳೆ ಎಲೆಯ ಡ್ರೆಸ್ಸಿಂಗ್ ಕೂಡ ಬಂತು. ಸುಮ್ನೆ ಹಿತ್ತಲಿನಿಂದ ಕಿತ್ತು ಹಾಕಿದ್ದಲ್ಲ, ಶುಚಿ ಮಾಡಿ ಸಿದ್ಧಪಡಿಸಿದ ಎಲೆ. ಸುಟ್ಟಗಾಯದ ಡ್ರೆಸ್ಸಿಂಗ್ ಬಿಚ್ಚುವಾಗ ರೋಗಿ ಪಡುವ ನೋವು ನೋಡಿದವರಿಗೆ ಇದರ ಬೆಲೆ ಗೊತ್ತು. ಗಾಜ್ ಬಟ್ಟೆ ಒಣಗಿ ಗಾಯಕ್ಕೇ ಕಚ್ಚಿಕೊಂಡಿರುತ್ತದೆ. ಎಳೆದರೆ ಹೊಸದಾಗಿ ಬಂದ ಚರ್ಮವೂ ಕಿತ್ತು ಬರುತ್ತದೆ. ಬಾಳೆ ಎಲೆ ಗಾಯವನ್ನು ತೇವವಾಗಿ ಇಡುತ್ತದೆ, ಕಚ್ಚಿಕೊಳ್ಳುವುದಿಲ್ಲ.

ಇಲ್ಲೇ ಇವತ್ತಿನ ವಿಷಯದ ಗಂಟು ಇರುವುದು. ಗಾಯಕ್ಕೆ ನೀರು ಬೇಕು. ಅಂಟಿಗೆ ನೀರು ಆಗದು. ಗಾಯದ ಮೇಲೆ ಭದ್ರವಾಗಿ ಕೂರಬೇಕು, ತೇವವನ್ನೂ ಕಾಪಾಡಬೇಕು, ತೆಗೆಯುವಾಗ ನೋಯಿಸಲೂಬಾರದು. ಇಂಥ ಪಟ್ಟಿ ಹೇಗೆ ಮಾಡುವುದು?

ಮೊದಲು ಹೈಡ್ರೋಜೆಲ್ ಅಂದರೇನು ನೋಡೋಣ. ಕಾಮಕಸ್ತೂರಿ ಬೀಜ ನೀರಿಗೆ ಹಾಕಿದರೆ ಸುತ್ತ ಪಾರದರ್ಶಕ ಲೋಳೆ ಉಬ್ಬಿಕೊಳ್ಳುತ್ತದಲ್ಲ, ಅದೇ ಹೈಡ್ರೋಜೆಲ್. ಉದ್ದುದ್ದ ಅಣುಗಳು ಒಂದಕ್ಕೊಂದು ಅಲ್ಲಲ್ಲಿ ಗಂಟು ಹಾಕಿಕೊಂಡು ಬಲೆಯಾಗಿರುತ್ತವೆ. ಆ ಬಲೆ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ತೂಕದಲ್ಲಿ ಹತ್ತಕ್ಕೆ ಒಂಬತ್ತು ಪಾಲು ನೀರೇ ಇದ್ದರೂ ಅದು ಹರಿದುಹೋಗುವುದಿಲ್ಲ, ಆಕಾರ ಬಿಡುವುದಿಲ್ಲ. ನಮ್ಮ ಮೈಯ ಮೆತ್ತನೆಯ ಭಾಗಗಳೂ ಹೆಚ್ಚುಕಡಿಮೆ ಇಂಥವೇ. ಹಾಗಾಗಿ ದೇಹಕ್ಕೆ ಇದು ಅಷ್ಟೊಂದು ಹೊರಗಿನದು ಅನಿಸುವುದಿಲ್ಲ.

ಇದನ್ನು ವೈದ್ಯಕೀಯಕ್ಕೆ ತಂದವರು ಪ್ರಾಗ್ ನಗರದ ಒಟ್ಟೊ ವಿಖ್ಟರ್ಲೆ ಮತ್ತು ದ್ರಾಹೊಸ್ಲಾವ್ ಲಿಮ್. 1960ರಲ್ಲಿ ಅವರ ಲೇಖನ ಬಂತು. ಮರುವರ್ಷ ಕ್ರಿಸ್‌ಮಸ್ ಹೊತ್ತಿಗೆ ವಿಖ್ಟರ್ಲೆ ಮಕ್ಕಳ ಜೋಡಿಸುವ ಆಟಿಕೆ ಮತ್ತು ಸೈಕಲ್ ಡೈನಮೊ ಸೇರಿಸಿ, ತಮ್ಮ ಮನೆಯಲ್ಲೇ ಮೆತ್ತನೆಯ ಕಾಂಟ್ಯಾಕ್ಟ್ ಲೆನ್ಸ್ ಮಾಡಿದರು. ನಿಮ್ಮಲ್ಲಿ ಯಾರಾದರೂ ಈಗ ಮೆತ್ತನೆಯ ಲೆನ್ಸ್ ಹಾಕಿಕೊಂಡು ಕೂತಿದ್ದರೆ, ನಿಮ್ಮ ಕಣ್ಣಿನ ಮೇಲಿರುವುದು ಹೈಡ್ರೋಜೆಲ್.

ಗಾಯಕ್ಕೆ ಹಾಕುವ ಹೈಡ್ರೋಜೆಲ್ ಹಾಳೆಗಳು ಔಷಧದಂಗಡಿಗೆ ಬಂದು ಬಹಳ ಕಾಲವಾಯಿತು. ತಂಪಾಗಿರುತ್ತವೆ, ಉರಿ ಕಡಿಮೆ ಮಾಡುತ್ತವೆ. ಆದರೆ ಹೆಚ್ಚಿನವು ತಾವಾಗಿ ನಿಲ್ಲುವುದಿಲ್ಲ. ಮೇಲೆ ಟೇಪ್ ಹಚ್ಚಬೇಕು. ಮೊಣಕಾಲು, ಮೊಣಕೈ, ಹಿಮ್ಮಡಿ ಇಂಥ ಕಡೆ ಮಡಚಿ ಬಿಚ್ಚಿ ಮಾಡಿದರೆ ಜಾರುತ್ತವೆ. ಅಂಚು ಎದ್ದರೆ ಸಂದಿಯಲ್ಲಿ ರೋಗಾಣು ನುಗ್ಗುತ್ತದೆ. ಇನ್ನು ರಕ್ತ ಚಿಮ್ಮುತ್ತಿರುವ ಯಕೃತ್ತಿಗೋ, ಬಡಿಯುತ್ತಿರುವ ಹೃದಯಕ್ಕೋ ಟೇಪ್ ಹಚ್ಚಲು ಆಗುತ್ತದೆಯೇ?

ಹಾಗಾದರೆ ಅಂಟನ್ನೇ ಹಾಕಿದರೆ? ಅದೂ ಆಗಿದೆ. ಫೆವಿಕ್ವಿಕ್ ತರಹದ ಅಂಟಿನ ರಾಸಾಯನಿಕ ಕುಟುಂಬಕ್ಕೆ ಸಯನೊಅಕ್ರಿಲೇಟ್ ಅನ್ನುತ್ತಾರೆ. ವಿಯೆಟ್ನಾಂ ಯುದ್ಧದಲ್ಲಿ ಅಮೆರಿಕದ ವೈದ್ಯರು ರಕ್ತ ನಿಲ್ಲಿಸಲು ಇದನ್ನು ಗಾಯದ ಮೇಲೆ ಸಿಂಪಡಿಸಿದ್ದರು. 1998ರಲ್ಲಿ ಇದರ ಸೌಮ್ಯವಾದ ಒಂದು ರೂಪಕ್ಕೆ, ಚರ್ಮದ ಸೀಳುಗಾಯ ಮುಚ್ಚಲು ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಮಕ್ಕಳ ಹಣೆ ಒಡೆದಾಗ ಹೊಲಿಗೆ ಬದಲು ಇದನ್ನು ಹಚ್ಚುವುದು ಈಗ ನಮ್ಮ ಆಸ್ಪತ್ರೆಗಳಲ್ಲೂ ಇದೆ. ಆದರೆ ಅಂಗಡಿಯ ಅಂಟನ್ನು ದಯವಿಟ್ಟು ಗಾಯಕ್ಕೆ ಹಚ್ಚಬೇಡಿ. ಗಟ್ಟಿಯಾಗುವಾಗ ಬಿಸಿಯಾಗುತ್ತದೆ, ಒಡೆಯುವಾಗ ಫಾರ್ಮಾಲ್ಡಿಹೈಡ್ ಬಿಡುತ್ತದೆ, ಒಳಗಿನ ಅಂಗಾಂಶ ಕೆಡುತ್ತದೆ. ಆಸ್ಪತ್ರೆಯ ರೂಪವೂ ಚರ್ಮದ ಮೇಲ್ಭಾಗಕ್ಕೆ ಮಾತ್ರ. ಅದು ಗಾಜಿನ ಹಾಗೆ ಗಟ್ಟಿ, ಮೈ ಬಾಗಿದರೆ ಬಿರುಕು ಬಿಡುತ್ತದೆ.

ಇನ್ನೊಂದು ಕಡೆ ಫೈಬ್ರಿನ್ ಅಂಟು ಇದೆ. ನಮ್ಮ ರಕ್ತ ಹೆಪ್ಪುಗಟ್ಟುವ ಕೊನೆಯ ಹಂತವನ್ನೇ ಎರಡು ಸಿರಿಂಜಿನಲ್ಲಿ ತುಂಬಿಟ್ಟ ಹಾಗೆ. ದೇಹಕ್ಕೆ ಒಗ್ಗುತ್ತದೆ, ಮೆತ್ತಗಿರುತ್ತದೆ. ಆದರೆ ಹಿಡಿತ ಕಮ್ಮಿ. ಅಂಟಿನ ಹಿಡಿತವನ್ನು ಒಂದು ಚದರ ಮೀಟರ್ ಕೀಳಲು ಎಷ್ಟು ಶಕ್ತಿ ಬೇಕು ಅನ್ನುವ ಲೆಕ್ಕದಲ್ಲಿ ಅಳೆಯುತ್ತಾರೆ. ಫೈಬ್ರಿನ್ನಿಗೆ ಅದು 10 ಜೂಲ್ ಆಸುಪಾಸು. ಈ 10 ಅನ್ನುವ ಅಂಕಿಯನ್ನು ನೆನಪಿಟ್ಟುಕೊಳ್ಳಿ.

ಅಂಟು ಒದ್ದೆಯಲ್ಲಿ ಯಾಕೆ ಸೋಲುತ್ತದೆ? ಎರಡು ವಸ್ತುಗಳ ಅಣುಗಳು ಒಂದನ್ನೊಂದು ಹಿಡಿಯಬೇಕಾದರೆ ತೀರಾ ಹತ್ತಿರ ಬರಬೇಕು. ಗಾಯದ ಮೇಲೆ ಸದಾ ನೀರಿನ ಪದರ ಇರುತ್ತದೆ. ಅಂಟು ಹಿಡಿಯುವುದು ಆ ನೀರನ್ನೇ ಹೊರತು ಚರ್ಮವನ್ನಲ್ಲ. ಈ ಪದರವನ್ನು ದಾಟುವುದೇ ಇಡೀ ವಿಜ್ಞಾನ.

ಇದನ್ನು ನಮಗಿಂತ ಮೊದಲೇ ಕಲಿತದ್ದು ಪಚ್ಚಿಲೆ. ಕರಾವಳಿಯವರಿಗೆ ಹೇಳಬೇಕಾಗಿಲ್ಲ. ಸಮುದ್ರದ ಬಂಡೆಗೆ ಕಚ್ಚಿಕೊಂಡು, ಅಲೆ ಎಷ್ಟು ಬಡಿದರೂ ಬಿಡದ ಚಿಪ್ಪುಜೀವಿ. ನಮ್ಮಲ್ಲಿರುವುದು ಹಸಿರು ಜಾತಿ. ವಿಜ್ಞಾನಿಗಳು ಹೆಚ್ಚು ಓದಿದ್ದು ಅದರ ಅಟ್ಲಾಂಟಿಕ್ ದಾಯಾದಿ, ನೀಲಿ ಜಾತಿ. ಅದು ತನ್ನ ಪಾದವನ್ನು ಬಂಡೆಗೆ ಒತ್ತಿ, ಒಳಗಿನಿಂದ ಪ್ರೋಟೀನ್ ದ್ರವ ಸುರಿಸಿ, ನಿಮಿಷಗಳಲ್ಲಿ ಒಂದು ದಾರ ಎಳೆಯುತ್ತದೆ. ದಾರದ ತುದಿಯಲ್ಲಿ ಬಿಲ್ಲೆಯಂಥ ಅಂಟು. 1981ರಲ್ಲಿ ಹರ್ಬರ್ಟ್ ವೇಟ್ ಮತ್ತು ಮಾರ್ವಿನ್ ಟ್ಯಾಂಜರ್ ಆ ಪ್ರೋಟೀನಿನಲ್ಲಿ ಡೋಪಾ ಎಂಬ ಅಮೈನೋ ಆಮ್ಲ ಇರುವುದನ್ನು ತೋರಿಸಿದರು. ಹೌದು, ಪಾರ್ಕಿನ್ಸನ್ ಕಾಯಿಲೆಗೆ ಕೊಡುವ ಮಾತ್ರೆಯಲ್ಲಿರುವ ಅದೇ ಡೋಪಾ. ಮುಟ್ಟಿದರೆ ಮೈಯೆಲ್ಲ ತುರಿಸುವ ನಸುಗುನ್ನಿಯ ಬೀಜದಲ್ಲೂ ಅದೇ ಇದೆ. ಪ್ರಕೃತಿ ಒಂದೇ ಅಣುವನ್ನು ಎಲ್ಲೆಲ್ಲಿ ಬಳಸುತ್ತದೆ ನೋಡಿ.

ಡೋಪಾದ ತುದಿಯಲ್ಲಿ ಅಕ್ಕಪಕ್ಕ ಎರಡು ಹೈಡ್ರಾಕ್ಸಿಲ್ ಗುಂಪುಗಳಿವೆ. ಬಂಡೆಯ ಮೇಲ್ಮೈಯನ್ನು ಅವು ಎರಡೂ ಕಡೆಯಿಂದ ಹಿಡಿಯುತ್ತವೆ. ಆದರೆ ಸಮುದ್ರದ ಬಂಡೆಯ ಮೇಲೆ ನೀರಿನ ಜೊತೆ ಉಪ್ಪಿನ ಅಯಾನುಗಳೂ, ಅಂದರೆ ವಿದ್ಯುದಂಶ ಹೊತ್ತ ಕಣಗಳೂ, ಬಿಗಿಯಾಗಿ ಕೂತಿರುತ್ತವೆ. ಅವನ್ನು ಎಬ್ಬಿಸುವವರು ಯಾರು? 2015ರಲ್ಲಿ ಉತ್ತರ ಸಿಕ್ಕಿತು. ಪ್ರೋಟೀನಿನಲ್ಲಿ ಡೋಪಾದ ಪಕ್ಕದಲ್ಲೇ ಲೈಸಿನ್ ಎಂಬ ಇನ್ನೊಂದು ಅಮೈನೋ ಆಮ್ಲ ಇರುತ್ತದೆ. ಅದಕ್ಕೆ ಧನ ವಿದ್ಯುದಂಶ. ಅದು ಮೊದಲು ಹೋಗಿ ಉಪ್ಪಿನ ಅಯಾನುಗಳನ್ನು ಸರಿಸುತ್ತದೆ, ತೆರವಾದ ಜಾಗಕ್ಕೆ ಡೋಪಾ ಕೂರುತ್ತದೆ. ನನಗೆ ಈ ಇಡೀ ಕ್ಷೇತ್ರದಲ್ಲಿ ಅತಿ ಇಷ್ಟವಾದ ಸಂಗತಿ ಇದು.

ಇದನ್ನು ನಕಲು ಮಾಡಿ ಎಷ್ಟೋ ಜೆಲ್‌ಗಳು ಬಂದಿವೆ. ಆಲ್ಜಿನೇಟ್, ಜೆಲಟಿನ್, ಹಯಲುರಾನಿಕ್ ಆಮ್ಲ ಹೀಗೆ ಜೆಲ್ ಆಗುವ ಉದ್ದ ಅಣು ಯಾವುದಕ್ಕಾದರೂ ಸರಿ ಡೋಪಾದ ಆ ತುದಿಯನ್ನು ಕಟ್ಟಿ ನೋಡುತ್ತಾರೆ. ತೊಡಕು ಏನೆಂದರೆ ಡೋಪಾ ಗಾಳಿಯ ಆಮ್ಲಜನಕಕ್ಕೆ ಸಿಕ್ಕರೆ ಬೇಗ ಬದಲಾಗುತ್ತದೆ, ಕಂದು ಬಣ್ಣಕ್ಕೆ ತಿರುಗುತ್ತದೆ. ಆಗ ತನ್ನ ತನ್ನಲ್ಲೇ ಗಂಟು ಬೀಳುತ್ತದೆ, ಮೇಲ್ಮೈ ಹಿಡಿಯುವ ಗುಣ ಕಳೆದುಕೊಳ್ಳುತ್ತದೆ. ಪಚ್ಚಿಲೆ ತನ್ನ ಪಾದದ ಅಡಿ ಆಮ್ಲೀಯ ವಾತಾವರಣ ಇಟ್ಟುಕೊಂಡು ಇದನ್ನು ತಡೆಯುತ್ತದೆ. ಪ್ರಯೋಗಾಲಯದಲ್ಲಿ ಅಷ್ಟು ನಾಜೂಕು ಸುಲಭವಲ್ಲ. ಹಾಗಾಗಿ "ಪಚ್ಚಿಲೆಯಿಂದ ಸ್ಫೂರ್ತಿ ಪಡೆದ ಪವಾಡದ ಅಂಟು" ಎಂಬ ಸುದ್ದಿ ಓದಿದಾಗ ನಾನು ಸ್ವಲ್ಪ ತಡೆದು ಓದುತ್ತೇನೆ.

ಎರಡನೆಯ ಗುರು ಚಿಪ್ಪಿಲ್ಲದ ಬಸವನಹುಳು. ಮಲೆನಾಡಿನ ಮಳೆಗಾಲದಲ್ಲಿ ಬಚ್ಚಲ ಗೋಡೆ ಮೇಲೆ ಕಾಣುತ್ತದಲ್ಲ, ಅದರ ಯುರೋಪಿನ ನೆಂಟ. ಹೆದರಿಸಿದರೆ ಬೆನ್ನಿನಿಂದ ಒಂದು ಲೋಳೆ ಬಿಡುತ್ತದೆ. ಅದು ಒದ್ದೆ ನೆಲಕ್ಕೂ ಬಿಗಿಯಾಗಿ ಅಂಟುತ್ತದೆ. 2017ರಲ್ಲಿ ಹಾರ್ವರ್ಡ್‌ನ ಜಿಯಾನ್ಯು ಲಿ, ಡೇವಿಡ್ ಮೂನಿ ಮತ್ತು ಸಂಗಡಿಗರು ಈ ಉಪಾಯದಿಂದ ಒಂದು ಅಂಟುಪಟ್ಟಿ ಮಾಡಿದರು.

ಇಲ್ಲಿ ಒಂದು ಸೂಕ್ಷ್ಮವಿದೆ. ಅಂಟು ಮೇಲ್ಮೈಯನ್ನು ಗಟ್ಟಿಯಾಗಿ ಹಿಡಿದರೆ ಸಾಲದು. ಹಿಡಿದದ್ದು ಸಡಿಲವಾಗದೆ, ಜೆಲ್ಲೇ ನಡುವೆ ಹರಿದುಹೋದರೆ ಏನು ಪ್ರಯೋಜನ? ಸಾಮಾನ್ಯ ಜೆಲ್ ಬೆರಳಲ್ಲಿ ಒತ್ತಿದರೆ ಪುಡಿಯಾಗುತ್ತದೆ. ಐದು ವರ್ಷ ಮೊದಲು, 2012ರಲ್ಲಿ, ಹಾರ್ವರ್ಡ್‌ನದೇ ಝಿಗಾಂಗ್ ಸುವೊ ತಂಡ ಇದಕ್ಕೆ ಪರಿಹಾರ ಕೊಟ್ಟಿತ್ತು. ಒಂದರೊಳಗೊಂದು ಎರಡು ಬಲೆ. ಒಂದು ಪಾಲಿಅಕ್ರಿಲಮೈಡ್, ಅದರ ಗಂಟುಗಳು ಖಾಯಂ. ಇನ್ನೊಂದು ಕಡಲ ಪಾಚಿಯಿಂದ ಬರುವ ಆಲ್ಜಿನೇಟ್, ಅದರ ಗಂಟುಗಳನ್ನು ಕ್ಯಾಲ್ಸಿಯಂ ಹಾಕಿರುತ್ತದೆ, ಅವು ಸಡಿಲ. ಎಳೆದಾಗ ಕ್ಯಾಲ್ಸಿಯಂ ಗಂಟುಗಳು ಒಂದೊಂದಾಗಿ ಬಿಚ್ಚಿಕೊಂಡು ಎಳೆತದ ಶಕ್ತಿಯನ್ನು ನುಂಗುತ್ತವೆ. ಖಾಯಂ ಬಲೆ ಆಕಾರ ಕಾಪಾಡುತ್ತದೆ. ಬಿಟ್ಟಾಗ ಬಿಚ್ಚಿದ ಗಂಟುಗಳಲ್ಲಿ ಕೆಲವು ಮತ್ತೆ ಬೀಳುತ್ತವೆ. ನೂರಕ್ಕೆ ಸುಮಾರು 90 ಭಾಗ ನೀರೇ ಇರುವ ಈ ಜೆಲ್ ಇಪ್ಪತ್ತು ಪಟ್ಟು ಉದ್ದಕ್ಕೆ ಹಿಗ್ಗಿತು. ಹರಿಯಲು ಬೇಕಾದ ಶಕ್ತಿ ಚದರ ಮೀಟರಿಗೆ 9000 ಜೂಲ್. ಕೀಲಿನ ಮೃದ್ವಸ್ಥಿಗೆ 1000, ಸಹಜ ರಬ್ಬರಿಗೆ 10,000. ಅಂದರೆ ನೀರಿನ ಗಡ್ಡೆಯೊಂದು ರಬ್ಬರಿನ ಹತ್ತಿರ ಬಂದು ನಿಂತಿತು.

2017ರ ತಂಡ ಈ ಜೆಲ್ಲಿನ ಮೇಲೆ ಧನ ವಿದ್ಯುದಂಶದ ಪಾಲಿಮರ್, ಅಂದರೆ ಉದ್ದ ಸರಪಳಿಯಂಥ ಅಣು, ಸವರಿತು. ಅದು ಅಂಗಾಂಶದ ಒಳಕ್ಕೂ ಜೆಲ್ಲಿನ ಒಳಕ್ಕೂ ಇಳಿದು ಎರಡನ್ನೂ ಹೊಲಿಯುತ್ತದೆ. ಹಿಡಿತ 1000 ಜೂಲ್ ದಾಟಿತು. ಫೈಬ್ರಿನ್ನಿನ 10 ನೆನಪಿದೆಯಲ್ಲ? ರಕ್ತ ಮೆತ್ತಿದ ಮೇಲ್ಮೈಗೂ ಅಂಟಿತು. ತೂತು ಮಾಡಿದ ಹಂದಿಯ ಹೃದಯಕ್ಕೆ ಹಚ್ಚಿ, ಉಬ್ಬಿಸಿ ಇಳಿಸಿ ನೋಡಿದರು. ಹತ್ತಾರು ಸಾವಿರ ಸಲ ಹಿಗ್ಗಿದರೂ ಸೋರಲಿಲ್ಲ.

ಮೂರನೆಯ ದಾರಿ ನೀರನ್ನು ಸರಿಸುವುದಲ್ಲ, ಕುಡಿದುಬಿಡುವುದು. ಜೇಡ ಮಳೆಯಲ್ಲೂ ಹುಳ ಹಿಡಿಯುತ್ತದೆ. ಅದರ ಬಲೆಯ ಅಂಟಿನಲ್ಲಿ ಮೇಲ್ಮೈಯ ನೀರನ್ನು ಹೀರುವ ಗುಣ ಇರುವುದೇ ಕಾರಣ. 2019ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಹ್ಯುನ್‌ವೂ ಯುಕ್, ಶುವಾನ್‌ಹೆ ಝಾವೊ ತಂಡ ಇದೇ ತಂತ್ರದ ಎರಡು ಬದಿ ಅಂಟುವ ಟೇಪ್ ಮಾಡಿತು. ಅದು ಒಣ ಹಾಳೆ. ಒದ್ದೆ ಅಂಗಾಂಶದ ಮೇಲೆ ಒತ್ತಿದ ಕೂಡಲೇ ನಡುವಿನ ನೀರನ್ನು ಹೀರಿ ತಾನೇ ಹೈಡ್ರೋಜೆಲ್ ಆಗುತ್ತದೆ. ಐದು ಸೆಕೆಂಡಿನಲ್ಲಿ ಹಿಡಿಯುತ್ತದೆ. ಮೊದಲ ಹಿಡಿತ ವಿದ್ಯುದಂಶಗಳ ಸೆಳೆತದ್ದು. ಆಮೇಲೆ ಟೇಪಿನಲ್ಲಿರುವ ರಾಸಾಯನಿಕ ಗುಂಪುಗಳು ಅಂಗಾಂಶದ ಪ್ರೋಟೀನುಗಳ ಜೊತೆ ಗಟ್ಟಿ ಬಂಧ ಕಟ್ಟುತ್ತವೆ. ಶತ್ರುವಾದ ನೀರನ್ನೇ ಅಂಟಿನ ಅಂಗವಾಗಿ ಮಾಡಿಕೊಂಡಿದ್ದು ಇಲ್ಲಿನ ಜಾಣತನ.

ಇಷ್ಟು ಹೇಳುವಾಗ ಮುಂದಿನ ಸಾಲಿನಲ್ಲಿದ್ದ ನರ್ಸ್ ಒಬ್ಬರು ಕೈ ಎತ್ತಿದರು. "ಸಾರ್, ಅಂಟಿಸೋದು ಬಿಡಿ. ತೆಗೆಯೋದು ಹೇಗೆ? ವಯಸ್ಸಾದವರ ಚರ್ಮ ಪ್ಲಾಸ್ಟರ್ ಜೊತೆನೇ ಬರುತ್ತೆ."

ಸಭೆಯ ಅತ್ಯುತ್ತಮ ಪ್ರಶ್ನೆ ಅದೇ. ಮುದುಕರಿಗೆ, ದಿನ ತುಂಬದೆ ಹುಟ್ಟಿದ ಶಿಶುಗಳಿಗೆ, ಪ್ಲಾಸ್ಟರ್ ಕೀಳುವಾಗ ಆಗುವ ಗಾಯವೇ ಒಂದು ದೊಡ್ಡ ಸಮಸ್ಯೆ. ಸಂಶೋಧಕರು ಎಷ್ಟೋ ವರ್ಷ ಹಿಡಿತದ ಅಂಕಿ ಏರಿಸುವ ಪೈಪೋಟಿಗೇ ಬಿದ್ದಿದ್ದರು. ನನ್ನ ಮಟ್ಟಿಗೆ ಚರ್ಮದ ಗಾಯಕ್ಕೆ 1000 ಜೂಲ್ ಹಿಡಿತ ಬೇಕಾಗಿಯೇ ಇಲ್ಲ. ಬೇಕಾದಾಗ ಬಿಡುವ ಅಂಟು ಬೇಕು. ಈಗ ಆ ಕಡೆಗೂ ಕೆಲಸ ನಡೆದಿದೆ. 2020ರಲ್ಲಿ ಎಂಐಟಿಯ ಅದೇ ತಂಡ ಟೇಪಿನ ಬಂಧಗಳಲ್ಲಿ ಒಂದು ಗಂಧಕದ ಕೊಂಡಿ ಸೇರಿಸಿತು. ಗ್ಲುಟಾಥಯೋನ್ ಮತ್ತು ಸೋಡಿಯಂ ಬೈಕಾರ್ಬೊನೇಟ್ ಇರುವ ದ್ರಾವಣ ಸುರಿದರೆ ಕೆಲವೇ ನಿಮಿಷಗಳಲ್ಲಿ ಕೊಂಡಿ ಕಳಚಿ ಟೇಪ್ ಬಿಡುತ್ತದೆ. ಗ್ಲುಟಾಥಯೋನ್ ನಮ್ಮ ಜೀವಕೋಶಗಳಲ್ಲೇ ಇದೆ, ಬೈಕಾರ್ಬೊನೇಟ್ ಅಡುಗೆ ಸೋಡಾ. 2022ರಲ್ಲಿ ಸ್ಟ್ಯಾನ್‌ಫರ್ಡ್‌ನವರು ಮಾಡಿದ ಪಟ್ಟಿಯ ಜೆಲ್, ಚರ್ಮದ ಸಹಜ ಶಾಖದಲ್ಲಿ ಅಂಟಿಕೊಂಡಿದ್ದು, ಕೆಲವು ಡಿಗ್ರಿ ಬಿಸಿ ಮಾಡಿದರೆ ಸಡಿಲವಾಗುತ್ತದೆ. ಅದರ ಪ್ರಯೋಗ ನಡೆದಿದ್ದು ಇಲಿಗಳ ಮೇಲೆ.

ಇಲಿಗಳ ಮಾತು ಬಂದಿದ್ದಕ್ಕೆ ಇದನ್ನೂ ಹೇಳಬೇಕು. ಇಲಿಯ ಚರ್ಮ ಸಡಿಲ. ಗಾಯವಾದರೆ ಅದು ಬಹುಪಾಲು ಸುತ್ತಲಿನ ಚರ್ಮ ಎಳೆದುಕೊಂಡು ಮುಚ್ಚಿಕೊಳ್ಳುತ್ತದೆ. ನಮ್ಮಲ್ಲಿ ಹಾಗಲ್ಲ, ಹೊಸ ಅಂಗಾಂಶ ಬೆಳೆದು ತುಂಬಬೇಕು. ಇಲಿಯಲ್ಲಿ ಬೇಗ ವಾಸಿಯಾಯಿತು ಅಂದ ಮಾತ್ರಕ್ಕೆ ನಮ್ಮ ಅಜ್ಜಿಯ ಕಾಲಿನ ಹುಣ್ಣೂ ವಾಸಿಯಾಗುತ್ತದೆ ಅನ್ನುವಂತಿಲ್ಲ.

ಕಾಲಿನ ಹುಣ್ಣು ಅಂದೆ. ಸಭೆಯಲ್ಲಿ ಅರ್ಧ ಜನ ಕೇಳಲು ಬಂದದ್ದು ಅದನ್ನೇ ಅಂತ ನನಗೆ ಗೊತ್ತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ನಡೆಸಿದ, 2023ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಸುಮಾರು 10 ಕೋಟಿ ಜನಕ್ಕೆ ಸಕ್ಕರೆ ಕಾಯಿಲೆ ಇದೆ. ಅವರಲ್ಲಿ ಅನೇಕರಿಗೆ ಎಂದಾದರೂ ಪಾದದ ಹುಣ್ಣು ಆಗುತ್ತದೆ. ನರ ಸತ್ತು ನೋವೇ ತಿಳಿಯುವುದಿಲ್ಲ, ರಕ್ತ ಸಾಕಷ್ಟು ಹೋಗುವುದಿಲ್ಲ, ಉರಿಯೂತ ಮುಗಿಯುವುದೇ ಇಲ್ಲ. ಗಾಯ ವಾಸಿಯಾಗುವ ಕ್ರಮದಲ್ಲಿ ಮುಂದಿನ ಹಂತಕ್ಕೆ ಹೋಗದೆ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ. ಬೆಳ್ಳಿಯ ಕಣ, ಬೆಳವಣಿಗೆಯ ಪ್ರೋಟೀನು, ಅರಿಸಿನದ ಕರ್ಕ್ಯುಮಿನ್ ಹೀಗೆ ನಾನಾ ಔಷಧ ತುಂಬಿದ ಜೆಲ್‌ಗಳನ್ನು ಇದಕ್ಕಾಗಿಯೇ ಮಾಡುತ್ತಿದ್ದಾರೆ. (ಡಬ್ಬದ ಅರಿಸಿನ ಮೆತ್ತಬಹುದಾ ಎಂದು ಒಬ್ಬರು ಕೇಳಿದರು. ಬೇಡ. ಅದು ರೋಗಾಣುರಹಿತ ಅಲ್ಲ, ಕರ್ಕ್ಯುಮಿನ್ ನೀರಿನಲ್ಲಿ ಸರಿಯಾಗಿ ಕರಗುವುದೂ ಇಲ್ಲ.)

ಆದರೆ ಇಲ್ಲಿ ಜೆಲ್ಲಿಗಿಂತ ಮೊದಲು ಹೇಳಬೇಕಾದ ಹೆಸರು ಪಾಲ್ ಬ್ರ್ಯಾಂಡ್. ತಮಿಳುನಾಡಿನ ಕೊಲ್ಲಿ ಬೆಟ್ಟದಲ್ಲಿ 1914ರಲ್ಲಿ ಹುಟ್ಟಿದ, ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ಕೆಲಸ ಮಾಡಿದ ಶಸ್ತ್ರವೈದ್ಯರು. ಕುಷ್ಠರೋಗಿಗಳ ಪಾದ ಕೊಳೆಯುವುದು ರೋಗದಿಂದಲೇ ಎಂದು ಎಲ್ಲರೂ ನಂಬಿದ್ದ ಕಾಲದಲ್ಲಿ, ನೋವು ತಿಳಿಯದೆ ಒಂದೇ ಜಾಗದ ಮೇಲೆ ನಡೆಯುತ್ತಲೇ ಇರುವುದು ಕಾರಣ ಎಂದು ಅವರು ತೋರಿಸಿದರು. ಪಾದಕ್ಕೆ, ಮೂಳೆ ಮುರಿದಾಗ ಕಟ್ಟುವಂಥ ಗಟ್ಟಿ ಪ್ಲಾಸ್ಟರನ್ನು ಅಚ್ಚುಕಟ್ಟಾಗಿ ಕಟ್ಟಿ ಭಾರ ಹಂಚಿದರೆ ಹುಣ್ಣು ವಾಸಿಯಾಗುತ್ತಿತ್ತು. ಮುಂದೆ ಅಮೆರಿಕದಲ್ಲಿ ಅದೇ ವಿಧಾನವನ್ನು ಸಕ್ಕರೆ ಕಾಯಿಲೆಯವರ ಪಾದಕ್ಕೂ ತಂದರು. ಇವತ್ತಿಗೂ ಅಂಗಾಲಿನ ಹುಣ್ಣಿಗೆ ತಜ್ಞರ ಮೊದಲ ಸಲಹೆ ಭಾರ ತಪ್ಪಿಸುವುದೇ. ಸತ್ತ ಅಂಗಾಂಶ ತೆಗೆಯಬೇಕು, ಸೋಂಕಿಗೆ ಔಷಧ ಕೊಡಬೇಕು, ಸಕ್ಕರೆ ಹಿಡಿತಕ್ಕೆ ಬರಬೇಕು, ರಕ್ತನಾಳ ಪರೀಕ್ಷಿಸಬೇಕು. ಇದಾವುದೂ ಇಲ್ಲದೆ ಹುಣ್ಣಿನ ಮೇಲೆ ಎಂಥ ದುಬಾರಿ ಜೆಲ್ ಹಾಕಿ, ಅದರ ಮೇಲೇ ನಡೆದಾಡಿದರೆ ದುಡ್ಡು ದಂಡ. ಜೆಲ್ ಮಾಡುವವರ ಪ್ರಬಂಧಗಳಲ್ಲಿ ಈ ಸಾಲು ಕಾಣುವುದು ಅಪರೂಪ, ಅದಕ್ಕೇ ಒತ್ತಿ ಹೇಳುತ್ತಿದ್ದೇನೆ.

ದುಡ್ಡಿನ ವಿಷಯಕ್ಕೆ ಬಂದರೆ, ನಮ್ಮ ದೇಶಕ್ಕೆ ಒಂದು ಅನುಕೂಲ ಇದೆ. ಸೀಗಡಿ ಸಂಸ್ಕರಿಸಿದ ಮೇಲೆ ರಾಶಿಗಟ್ಟಲೆ ಸಿಪ್ಪೆ ಉಳಿಯುತ್ತದೆ. ಅದರಿಂದ ಚಿಟೊಸಾನ್ ತೆಗೆಯಬಹುದು. ಅದಕ್ಕೆ ಧನ ವಿದ್ಯುದಂಶ, ಕೆಂಪು ರಕ್ತಕಣದ ಮೇಲ್ಮೈಗೆ ಋಣ. ಹಾಗಾಗಿ ರಕ್ತಕ್ಕೆ ತಾಗಿದ ಕೂಡಲೇ ಕಣಗಳನ್ನು ಸೆಳೆದು ಜಿಗುಟಾಗಿ ಗಾಯವನ್ನು ಮುಚ್ಚುತ್ತದೆ. ಅಮೆರಿಕದ ಸೈನ್ಯ ಇರಾಕ್, ಅಫ್ಘಾನಿಸ್ತಾನಗಳಲ್ಲಿ ಚಿಟೊಸಾನ್ ಪಟ್ಟಿ ಬಳಸಿತು. ನಮ್ಮಲ್ಲೇ ತಯಾರಾಗುವ ಆಕ್ಸಿಯೊಸ್ಟ್ಯಾಟ್ ಎಂಬ ರಕ್ತ ನಿಲ್ಲಿಸುವ ಪಟ್ಟಿ ಕೂಡ ಚಿಟೊಸಾನಿನದೇ.

ಕೊನೆಗೆ ಕಾಲೇಜು ಹುಡುಗನೊಬ್ಬ ಕೇಳಿದ: "ಹಾಗಾದ್ರೆ ಇನ್ನು ಹೊಲಿಗೆ ಹಾಕೋದೇ ನಿಂತುಹೋಗುತ್ತಾ?"

ಇಲ್ಲ ಅಂದೆ. ಹೊಲಿಗೆ ಎಳೆತ ತಡೆಯುತ್ತದೆ, ಅಂಟು ಸೋರಿಕೆ ತಡೆಯುತ್ತದೆ. ಸೂಜಿ ಹೋದ ಪ್ರತಿ ಜಾಗವೂ ಒಂದು ತೂತೇ. ಮಿದುಳಿನ ಹೊದಿಕೆ ಹೊಲಿದ ಮೇಲೂ ಆ ತೂತುಗಳಿಂದ ಮಿದುಳಿನ ದ್ರವ ಸೋರಬಹುದು. ಅದಕ್ಕೆ ಹೊಲಿಗೆಯ ಮೇಲೆ ಸಿಂಪಡಿಸುವ ನೀಲಿ ಬಣ್ಣದ ಹೈಡ್ರೋಜೆಲ್ ಒಂದಕ್ಕೆ 2005ರಲ್ಲೇ ಅಮೆರಿಕದಲ್ಲಿ ಅನುಮತಿ ಸಿಕ್ಕಿದೆ. ಎರಡು ದ್ರವ ಸೇರಿ ಕ್ಷಣದಲ್ಲಿ ಜೆಲ್ ಆಗುತ್ತದೆ, ಕೆಲವು ವಾರಗಳಲ್ಲಿ ಕರಗಿ ಹೋಗುತ್ತದೆ. ಬಣ್ಣ ಯಾಕೆ ಅಂದರೆ, ಎಲ್ಲಿ ಎಷ್ಟು ದಪ್ಪ ಬಿದ್ದಿದೆ ಎಂದು ಶಸ್ತ್ರವೈದ್ಯರಿಗೆ ಕಾಣಲಿ ಅಂತ. ಅದಕ್ಕೂ ಒಂದು ತೊಂದರೆ ಇತ್ತು. ಹೈಡ್ರೋಜೆಲ್ ನೀರು ಹೀರಿ ಉಬ್ಬುತ್ತದೆ. ಬೆನ್ನುಮೂಳೆಯ ಇಕ್ಕಟ್ಟು ಜಾಗದಲ್ಲಿ ಉಬ್ಬಿದರೆ ನರವನ್ನು ಒತ್ತುತ್ತದೆ. ಬೆನ್ನುಹುರಿಯ ಹತ್ತಿರ ಬಳಸಲು ಕಡಿಮೆ ಉಬ್ಬುವ ರೂಪವನ್ನು ಬೇರೆಯಾಗಿಯೇ ಮಾಡಬೇಕಾಯಿತು. ಹುಡುಗ ಅದನ್ನು ಬರೆದುಕೊಂಡು, ಎಷ್ಟು ಉಬ್ಬುತ್ತದೆ ಎಂದು ಅಳೆಯುವುದು ಹೇಗೆ ಅಂತ ಇನ್ನೊಂದು ಪ್ರಶ್ನೆ ಹಾಕಿದ. ಒಣ ಜೆಲ್ಲನ್ನು ತೂಗು, ಮೈಯ ಶಾಖದ ಉಪ್ಪುನೀರಿನಲ್ಲಿ ಇಡು, ತೂಕ ಏರುವುದು ನಿಂತ ಮೇಲೆ ಮತ್ತೆ ತೂಗು ಎಂದೆ. ತಕ್ಕಡಿಯೊಂದು ಚೆನ್ನಾಗಿದ್ದರೆ ಅದನ್ನು ಅವನ ಕಾಲೇಜಿನ ಲ್ಯಾಬಿನಲ್ಲೇ ಮಾಡಬಹುದು.